ಸೋಡಾ ಬ್ರೆಡ್: ಕ್ಯಾನರಿ ವಾರ್ಫ್ ಮತ್ತು ಲಂಡನ್ ಬಂದರು ಪ್ರದೇಶ

ಸೋಡಾ ಬ್ರೆಡ್ ಎಂದರೆ ಯೀಸ್ಟ್ ಇಲ್ಲದೆ, ಅಡುಗೆ ಸೋಡಾ ಮತ್ತು ಹುಳಿ ಮಜ್ಜಿಗೆ ಕೂಡಿದಾಗ ಹೊರಡುವ ಅನಿಲದಿಂದ ಉಬ್ಬಿಸಿ ಬೇಯಿಸುವ ಗೋಧಿ ಬ್ರೆಡ್. ಹಿಟ್ಟು, ಸೋಡಾ, ಉಪ್ಪು, ಮಜ್ಜಿಗೆ ಇವು ನಾಲ್ಕೇ ಇದರ ಮೂಲ ಸಾಮಗ್ರಿ. ಹಿಟ್ಟನ್ನು ನಾದುವುದಿಲ್ಲ, ಹುದುಗಲು ಬಿಡುವುದೂ ಇಲ್ಲ. ಕಲಸಲು ತೊಡಗಿದ ಒಂದು ಗಂಟೆಯೊಳಗೆ ಬ್ರೆಡ್ ಓವನ್ನಿನಿಂದ ಹೊರಬರುತ್ತದೆ. 19ನೇ ಶತಮಾನದಿಂದ ಇದು ಐರ್ಲೆಂಡಿನ ಮನೆಮನೆಯ ಅಡುಗೆ. ಲಂಡನ್ನಿನ ಪೂರ್ವಭಾಗದ ಕ್ಯಾನರಿ ವಾರ್ಫ್ ಆಗಲಿ, ಅದಿರುವ ಐಲ್ ಆಫ್ ಡಾಗ್ಸ್ ಆಗಲಿ ಇದರ ಹುಟ್ಟೂರಲ್ಲ. ಆದರೂ ಇದಕ್ಕೆ ಬೇಕಾದ ಕಾಳು, ಸಕ್ಕರೆ, ಒಣಹಣ್ಣು, ಮಸಾಲೆ ಹಡಗಿನಿಂದ ಇಳಿದದ್ದೂ ಸೋಡಾದಿಂದ ಉಬ್ಬುವ ಹಿಟ್ಟು ಚೀಲ ತುಂಬಿದ್ದೂ ಈ ಬಂದರು ಪ್ರದೇಶದಲ್ಲೇ ಆದ್ದರಿಂದ ಬ್ರೆಡ್ಡಿನ ಚರಿತ್ರೆಯಲ್ಲಿ ಅದಕ್ಕೊಂದು ಸ್ಥಾನವಿದೆ.

ಪದಬಳಕೆ

ಈ ಲೇಖನದಲ್ಲಿ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್, ಅಂದರೆ ಕನ್ನಡದ ಮನೆಗಳಲ್ಲಿ ಅಡುಗೆ ಸೋಡಾ ಅಥವಾ ತಿನ್ನುವ ಸೋಡಾ ಎನ್ನುವ ಬಿಳಿ ಪುಡಿ. ಬಟ್ಟೆ ಒಗೆಯುವ ಸೋಡಾ ಬೇರೆ ವಸ್ತು, ಅಡುಗೆಗೆ ಬಾರದು. ಬೇಕಿಂಗ್ ಪೌಡರಿನಲ್ಲಿ ಸೋಡಾದ ಜೊತೆಗೆ ಒಣ ಆಮ್ಲವೂ ಇರುವುದರಿಂದ ಅದನ್ನು ಸೋಡಾ ಎಂದು ಕರೆಯುವುದು ಸರಿಯಲ್ಲ. ಮಜ್ಜಿಗೆ ಎಂಬ ಮಾತಿಗೂ ಎರಡು ಅರ್ಥವಿದೆ. ಬೆಣ್ಣೆ ಕಡೆದು ಉಳಿದದ್ದು ಹಳೆಯ ಮಜ್ಜಿಗೆ. ಬ್ರಿಟನ್ನಿನ ಅಂಗಡಿಗಳಲ್ಲಿ ಇಂದು ಡಬ್ಬಿಯಲ್ಲಿ ಸಿಗುವುದು ಕೊಬ್ಬು ಕಡಿಮೆ ಇರುವ ಹಾಲಿಗೆ ಹೆಪ್ಪು ಹಾಕಿ ಮಾಡಿದ, ಮೊಸರಿಗೂ ಮಜ್ಜಿಗೆಗೂ ನಡುವಿನ ಹದದ ದ್ರವ. ನಮ್ಮ ಊಟದ ಕೊನೆಯ ನೀರು ಮಜ್ಜಿಗೆ ಈ ಕೆಲಸಕ್ಕೆ ತೀರ ತೆಳುವಾಯಿತು.

ಹುಟ್ಟು

ಕ್ಷಾರದಿಂದ ಹಿಟ್ಟು ಉಬ್ಬಿಸುವ ರೂಢಿ ಸೋಡಾಕ್ಕಿಂತ ಹಳೆಯದು. 1796ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಮೀಲಿಯಾ ಸಿಮನ್ಸ್ ಅವರ ಅಡುಗೆ ಪುಸ್ತಕದಲ್ಲಿ ಮರದ ಬೂದಿಯಿಂದ ತೆಗೆದ ಕ್ಷಾರವನ್ನು ಹಿಟ್ಟಿಗೆ ಸೇರಿಸುವ ಕ್ರಮವಿದೆ. ಉಪ್ಪಿನಿಂದ ಒಗೆಯುವ ಸೋಡಾ (ಸೋಡಿಯಂ ಕಾರ್ಬೊನೇಟ್) ತೆಗೆಯುವ ವಿಧಾನಕ್ಕೆ ಫ್ರಾನ್ಸಿನ ನಿಕೊಲಾ ಲೆಬ್ಲಾಂ 1791ರಲ್ಲಿ ಪೇಟೆಂಟ್ ಪಡೆದ. 1801ರಲ್ಲಿ ಬರ್ಲಿನ್ನಿನ ಔಷಧಿಕಾರ ವ್ಯಾಲೆಂಟೀನ್ ರೋಸ್ ಸೋಡಿಯಂ ಬೈಕಾರ್ಬೊನೇಟನ್ನು ತಯಾರಿಸಿ ತೋರಿಸಿದ. ಬ್ರಿಟನ್ನಿನಲ್ಲಿ ಉಪ್ಪಿನ ಮೇಲಿನ ಭಾರೀ ತೆರಿಗೆ 1825ರ ಹೊತ್ತಿಗೆ ಪೂರ್ತಿ ರದ್ದಾಯಿತು. ಇದೇ ಸಮಯದಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಜೇಮ್ಸ್ ಮಸ್ಪ್ರಾಟ್ ಲಿವರ್‌ಪೂಲಿನಲ್ಲಿ ಲೆಬ್ಲಾಂ ವಿಧಾನದ ಕಾರ್ಖಾನೆ ತೆರೆದ. ಸೋಡಾ ಅಗ್ಗವಾಗಿ ಬಡವರ ಅಡುಗೆಮನೆಗೆ ಬಂದದ್ದು ಈ ತೆರಿಗೆ ಮತ್ತು ಕಾರ್ಖಾನೆಗಳ ಕಥೆಯಿಂದಾಗಿ. ಸೋಡಾ ಬ್ರೆಡ್ಡನ್ನು ಪುರಾತನ ಸೆಲ್ಟಿಕ್ ಆಹಾರವೆಂದು ಹೇಳುವ ಪ್ರಚಾರಕ್ಕೆ ಆಧಾರವಿಲ್ಲ. ಅದು ಕೈಗಾರಿಕಾ ಯುಗದ ಕೂಸು.

ಸೋಡಾ ಬ್ರೆಡ್ಡಿನ ಬಗ್ಗೆ ತಿಳಿದಿರುವ ತೀರ ಹಳೆಯ ಮುದ್ರಿತ ಉಲ್ಲೇಖಗಳಲ್ಲೊಂದು 1836ರ ಲಂಡನ್ನಿನ 'ಫಾರ್ಮರ್ಸ್ ಮ್ಯಾಗಜಿನ್' ಪತ್ರಿಕೆಯಲ್ಲಿದೆ. ಐರ್ಲೆಂಡಿನ ಡೌನ್ ಜಿಲ್ಲೆಯ ಒಂದು ವೃತ್ತಪತ್ರಿಕೆಯಿಂದ ಅದನ್ನು ಎತ್ತಿಕೊಳ್ಳಲಾಗಿತ್ತು. ಐರ್ಲೆಂಡಿನಲ್ಲಿ ಇದು ಬೇರೂರಲು ಕಾರಣಗಳು ಸ್ಪಷ್ಟ. ಅಲ್ಲಿನ ತಂಪು, ತೇವದ ಹವೆಯಲ್ಲಿ ಬೆಳೆಯುವ ಮೆದು ಗೋಧಿಯಲ್ಲಿ ಅಂಟು ಕಡಿಮೆ. ಯೀಸ್ಟ್ ಬ್ರೆಡ್ಡಿಗೆ ಅದು ಒಗ್ಗದು, ಸೋಡಾಕ್ಕೆ ಹೇಳಿ ಮಾಡಿಸಿದ್ದು. ಹಸು ಕಟ್ಟಿದ ಮನೆಯಲ್ಲಿ ಬೆಣ್ಣೆ ಮಾರಾಟಕ್ಕೆ ಹೋದರೂ ಮಜ್ಜಿಗೆ ಉಳಿಯುತ್ತಿತ್ತು. ಓವನ್ ಇಲ್ಲದ ಗುಡಿಸಲಿನಲ್ಲಿ ಮೂರು ಕಾಲಿನ ಕಬ್ಬಿಣದ ಮುಚ್ಚಳದ ಪಾತ್ರೆಯನ್ನು ಪೀಟ್ ಎಂಬ ಜೌಗುಮಣ್ಣಿನ ಇಂಧನದ ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. 1845ರಿಂದ 1852ರವರೆಗಿನ ಮಹಾಕ್ಷಾಮದಲ್ಲಿ ಲಕ್ಷಾಂತರ ಐರಿಷ್ ಜನ ಊರು ಬಿಟ್ಟರು. ಅವರೊಂದಿಗೆ ಈ ಬ್ರೆಡ್ ಲಂಡನ್, ಲಿವರ್‌ಪೂಲ್, ನ್ಯೂಯಾರ್ಕ್‌ಗಳ ಕೂಲಿಕಾರರ ಕೇರಿಗಳಿಗೆ ಬಂತು.

ಬಂದರು ಪ್ರದೇಶದ ನಂಟು

ಇಂದಿನ ಕ್ಯಾನರಿ ವಾರ್ಫ್ ನಿಂತಿರುವುದು 1802ರಲ್ಲಿ ತೆರೆದ ವೆಸ್ಟ್ ಇಂಡಿಯಾ ಡಾಕ್ಸ್ ಮೇಲೆ. ಕೆರಿಬಿಯನ್ ದ್ವೀಪಗಳ ಗುಲಾಮರ ದುಡಿಮೆಯಿಂದ ಬಂದ ಸಕ್ಕರೆ, ಕಾಕಂಬಿ, ರಮ್ ಇಳಿಸಲೆಂದೇ ಕಟ್ಟಿದ ಬಂದರು ಅದು. ಆ ಕಾಲದ ಸಕ್ಕರೆ ಉಗ್ರಾಣವೊಂದರಲ್ಲಿ 2003ರಿಂದ ಲಂಡನ್ ಡಾಕ್‌ಲ್ಯಾಂಡ್ಸ್ ವಸ್ತುಸಂಗ್ರಹಾಲಯವಿದೆ. ಬಂದರಿನ ಸ್ಥಾಪಕರಲ್ಲೊಬ್ಬನೂ ಗುಲಾಮರ ಒಡೆಯನೂ ಆಗಿದ್ದ ರಾಬರ್ಟ್ ಮಿಲಿಗನ್‌ನ ಪ್ರತಿಮೆಯನ್ನು ಅದರ ಮುಂದಿನಿಂದ 2020ರ ಜೂನ್‌ನಲ್ಲಿ ತೆಗೆಯಲಾಯಿತು. ಕ್ಯಾನರಿ ವಾರ್ಫ್ ಎಂಬ ಹೆಸರು 1930ರ ದಶಕದ ನಡುವೆ ಕ್ಯಾನರಿ ದ್ವೀಪಗಳ ಮತ್ತು ಮೆಡಿಟರೇನಿಯನ್ ತೀರದ ಹಣ್ಣಿನ ವ್ಯಾಪಾರಕ್ಕಾಗಿ ಕಟ್ಟಿದ ಉಗ್ರಾಣದಿಂದ ಬಂದದ್ದು. ಪೂರ್ವಕ್ಕೆ ಹತ್ತಿರದಲ್ಲೇ ಈಸ್ಟ್ ಇಂಡಿಯಾ ಡಾಕ್ಸ್ ಇತ್ತು. ಅದನ್ನು ಮುಚ್ಚಿ ಕಟ್ಟಿದ ಬಡಾವಣೆಯ ಬೀದಿಗಳಿಗೆ ಲವಂಗ, ಜಾಯಿಕಾಯಿ, ಕೊತ್ತಂಬರಿ, ಕೇಸರಿಯ ಹೆಸರಿಟ್ಟಿದ್ದಾರೆ.

ಇದೆಲ್ಲಕ್ಕಿಂತ ನೇರವಾದ ನಂಟು ಹಿಟ್ಟಿನದು. ಐಲ್ ಆಫ್ ಡಾಗ್ಸ್ ದ್ವೀಪದ ನಡುವಿನ ಮಿಲ್ವಾಲ್ ಡಾಕ್ 1868ರಲ್ಲಿ ತೆರೆದು ಧಾನ್ಯದ ವ್ಯಾಪಾರಕ್ಕೆ ಹೆಸರಾಯಿತು. ಮ್ಯಾಂಚೆಸ್ಟರಿನ ಮ್ಯಾಕ್‌ಡೂಗಲ್ ಸಹೋದರರು 1864ರಲ್ಲಿ ಯೀಸ್ಟಿಗೆ ಬದಲಾಗಿ ಬಳಸುವ ಪುಡಿಯೊಂದನ್ನು ಮಾರುಕಟ್ಟೆಗೆ ತಂದಿದ್ದರು. 1870ರ ಸುಮಾರಿಗೆ ಅವರು ಮಿಲ್ವಾಲ್ ಡಾಕ್ ದಂಡೆಯಲ್ಲಿ ನೆಲೆಯೂರಿದರು. ಸೋಡಾ ಮತ್ತು ಒಣ ಆಮ್ಲವನ್ನು ಮೊದಲೇ ಬೆರೆಸಿದ, ತಾನೇ ಉಬ್ಬುವ ಹಿಟ್ಟು ಅವರ ವ್ಹೀಟ್‌ಶೀಫ್ ಗಿರಣಿಯಿಂದ ದೇಶಕ್ಕೆಲ್ಲ ಹೋಯಿತು. ಅಂಥ ಹಿಟ್ಟಿಗೆ ಮೊದಲ ಪೇಟೆಂಟ್ ಪಡೆದವನು ಬ್ರಿಸ್ಟಲ್ಲಿನ ಹೆನ್ರಿ ಜೋನ್ಸ್, 1845ರಲ್ಲಿ. ಅದನ್ನು ಮನೆಮಾತಾಗಿಸಿದವರಲ್ಲಿ ಮ್ಯಾಕ್‌ಡೂಗಲ್ ಮುಖ್ಯರು. ಗಿರಣಿಯ ಎತ್ತರದ ಕಣಜಗಳು ಬಹುಕಾಲ ದ್ವೀಪದ ಗುರುತಾಗಿದ್ದವು. 1980ರ ದಶಕದಲ್ಲಿ ಗಿರಣಿ ಮುಚ್ಚಿ ನೆಲಸಮವಾಯಿತು. ಈ ಮನೆತನದ ಸರ್ ಜಾನ್ ಮ್ಯಾಕ್‌ಡೂಗಲ್ ಹೆಸರಿನ ಉದ್ಯಾನ ಮಿಲ್ವಾಲ್‌ನಲ್ಲಿ ಥೇಮ್ಸ್ ದಂಡೆಯ ಮೇಲೆ ಇಂದಿಗೂ ಇದೆ.

ರಚನೆ ಮತ್ತು ರಸಾಯನ

ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ಸೋಡಾದೊಂದಿಗೆ ಕೂಡಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. 5 ಗ್ರಾಂ ಸೋಡಾಕ್ಕೆ ಬೇಕಾದಷ್ಟು ಆಮ್ಲ ಸಿಕ್ಕರೆ ಸುಮಾರು 1.4 ಲೀಟರ್ ಅನಿಲ ಹುಟ್ಟುತ್ತದೆ. ಆಮ್ಲವಿಲ್ಲದೆ ಬರೀ ಶಾಖಕ್ಕೆ ಬಿಟ್ಟರೆ ಅದರ ಅರ್ಧ ಮಾತ್ರ. ಉಳಿದದ್ದು ಸೋಡಿಯಂ ಕಾರ್ಬೊನೇಟಾಗಿ ಒಳಗೇ ನಿಂತು ಸಾಬೂನಿನ ವಾಸನೆ, ಹಳದಿ ಬಣ್ಣ ಕೊಡುತ್ತದೆ. ಆದ್ದರಿಂದ ಸೋಡಾ ಹೆಚ್ಚು ಹಾಕಿದರೆ ಬ್ರೆಡ್ ಹೆಚ್ಚು ಉಬ್ಬುತ್ತದೆಂಬುದು ತಪ್ಪು ತಿಳಿವಳಿಕೆ. ಎಷ್ಟು ಹುಳಿಯೋ ಅಷ್ಟೇ ಸೋಡಾ.

ಅನಿಲ ಹೊರಡುವುದು ಬಟ್ಟಲಿನಲ್ಲೇ ಶುರುವಾಗುವುದರಿಂದ ಕಲಸಿದ ಹಿಟ್ಟನ್ನು ಹಾಗೇ ಬಿಟ್ಟಿಡಬಾರದು. ನಾದಿದರೆ ಗೋಧಿಯ ಅಂಟು ಬಿಗಿದು ಬ್ರೆಡ್ ಗಡುಸಾಗುತ್ತದೆ. ಹೀಗಾಗಿ ನಾದುವುದಿಲ್ಲ; ನಾದದ ಕಾರಣ ಒಳತಿರುಳು ಯೀಸ್ಟ್ ಬ್ರೆಡ್ಡಿನಂತೆ ಎಳೆ ಎಳೆಯಾಗಿ ಬಿಚ್ಚದೆ ಪುಡಿಪುಡಿಯಾಗಿ ಮುರಿಯುತ್ತದೆ. ಮೇಲ್ಪದರ ದಪ್ಪ, ಬಿರುಕು ಬಿರುಕು. ನೆತ್ತಿಯ ಮೇಲೆ ಆಳವಾಗಿ ಕೊಯ್ಯುವ ಶಿಲುಬೆಯಾಕಾರದ ಗೆರೆಗೆ ಧಾರ್ಮಿಕ ಅರ್ಥ ಹೇಳುವವರಿದ್ದಾರೆ. ಅಡುಗೆಯ ದೃಷ್ಟಿಯಲ್ಲಿ ಅದು ಶಾಖವನ್ನು ನಡುವಿಗೆ ಒಯ್ಯಲು, ಬೆಂದ ಮೇಲೆ ನಾಲ್ಕಾಗಿ ಮುರಿಯಲು ಇರುವ ಉಪಾಯ.

ಸಾಮಗ್ರಿ ಮತ್ತು ಕ್ರಮ

ಸಾಮಾನ್ಯ ಅಳತೆ ಇದು: 450 ಗ್ರಾಂ ಹಿಟ್ಟು, ಮಟ್ಟಸವಾದ ಒಂದು ಟೀ ಚಮಚ ಸೋಡಾ, ಒಂದು ಟೀ ಚಮಚ ಉಪ್ಪು, 350ರಿಂದ 400 ಮಿ.ಲೀ. ಮಜ್ಜಿಗೆ. ಸೋಡಾವನ್ನು ಗಂಟಿಲ್ಲದಂತೆ ಜರಡಿ ಹಿಡಿದು ಹಿಟ್ಟಿಗೆ ಬೆರೆಸಬೇಕು. ನಡುವೆ ಗುಳಿ ಮಾಡಿ ಮಜ್ಜಿಗೆ ಸುರಿದು, ಬೆರಳು ಅಗಲಿಸಿದ ಒಂದೇ ಕೈಯಿಂದ ಸುತ್ತಿ ಕಲಸಬೇಕು. ಹಿಟ್ಟು ಚಪಾತಿ ಹಿಟ್ಟಿಗಿಂತ ಮೆದುವಾಗಿ, ಕೈಗೆ ಸ್ವಲ್ಪ ಅಂಟುವಂತೆ ಇರಬೇಕು. ಅದನ್ನು ನಾಲ್ಕು ಸೆಂಟಿಮೀಟರ್ ದಪ್ಪದ ದುಂಡನೆಯ ಬಿಲ್ಲೆಯಾಗಿ ತಟ್ಟಿ, ಗೆರೆ ಕೊಯ್ದು, ಮೊದಲೇ ಕಾಯಿಸಿದ ಓವನ್ನಿಗೆ ಇಡುತ್ತಾರೆ. 220 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ, ಅನಂತರ 200 ಡಿಗ್ರಿಗೆ ಇಳಿಸಿ 25ರಿಂದ 30 ನಿಮಿಷ ಬೇಯಬೇಕು. ಹೊಸ ಫ್ಲ್ಯಾಟುಗಳಲ್ಲಿರುವ ಫ್ಯಾನ್ ಓವನ್ನಿಗೆ ಎರಡೂ ಹಂತದಲ್ಲಿ 20 ಡಿಗ್ರಿ ಕಡಿಮೆ ಸಾಕು. ತಳವನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ. ಬಿಸಿ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಟ್ಟರೆ ಮೇಲ್ಪದರ ಮೆದುವಾಗುತ್ತದೆ, ಜಾಲರಿಯ ಮೇಲೆ ತೆರೆದಿಟ್ಟರೆ ಗರಿಗರಿಯಾಗಿ ಉಳಿಯುತ್ತದೆ.

ಮಜ್ಜಿಗೆ ಸಿಗದಿದ್ದಲ್ಲಿ ಹುಳಿ ಮೊಸರಿಗೆ ಹಾಲನ್ನೋ ನೀರನ್ನೋ ಬೆರೆಸಿ ಸುರಿಯುವ ಹದಕ್ಕೆ ತರಬಹುದು. ಹಾಲಿಗೆ ನಿಂಬೆರಸ ಹಿಂಡಿಯೂ ಕೆಲಸ ಸಾಗಿಸಬಹುದು, ಆದರೆ ಆ ಬ್ರೆಡ್ಡಿನ ರುಚಿ ಬಡವು. ಸಸ್ಯಜನ್ಯ ಹಾಲಿಗೂ ಇದೇ ಉಪಾಯ ನಡೆಯುತ್ತದೆ. ಚಪಾತಿ ಹಿಟ್ಟು ನುಣುಪಾಗಿದ್ದು ನೀರು ಹೆಚ್ಚು ಕುಡಿಯುತ್ತದೆ. ಅದರಿಂದ ಮಾಡಿದ ಬ್ರೆಡ್ಡಿಗೆ ಒರಟು ತವುಡಿನ ಕಂದು ಹಿಟ್ಟಿನ ಅಗಿತ ಬರುವುದಿಲ್ಲ. ಒಂದಿಷ್ಟು ಗೋಧಿ ತವುಡು ಅಥವಾ ಓಟ್ಸ್ ಸೇರಿಸಿದರೆ ಹತ್ತಿರ ಬರುತ್ತದೆ. ಬ್ರಿಟನ್ನಿನ ತಾನೇ ಉಬ್ಬುವ ಹಿಟ್ಟಿನಲ್ಲಿ ಸೋಡಾ ಮತ್ತು ಆಮ್ಲ ಮೊದಲೇ ಇರುವುದರಿಂದ ಮೇಲಿನ ಅಳತೆ ಅದಕ್ಕೆ ಹೊಂದದು.

ಬಗೆಗಳು

ಬಿಳಿ ಸೋಡಾ ಬ್ರೆಡ್ ಮೈದಾದಂಥ ಹಿಟ್ಟಿನದು. ಕಂದು ಸೋಡಾ ಬ್ರೆಡ್ಡಿಗೆ ತವುಡು ಸಮೇತ ಬೀಸಿದ ಒರಟು ಹಿಟ್ಟು ಬೇಕು. ಉತ್ತರ ಐರ್ಲೆಂಡಿನಲ್ಲಿ ಇದನ್ನು ವೀಟನ್ ಎನ್ನುತ್ತಾರೆ. ಫಾರ್ಲ್ ಎಂಬುದು ಅಲ್ಲಿನ ಇನ್ನೊಂದು ಬಗೆ. ದುಂಡನೆಯ ಹಿಟ್ಟನ್ನು ನಾಲ್ಕು ಭಾಗ ಮಾಡಿ ಕಾವಲಿಯ ಮೇಲೆ ಎರಡೂ ಮಗ್ಗುಲು ಬೇಯಿಸುವ ಇದಕ್ಕೆ ಓವನ್ನೇ ಬೇಡ; ದೋಸೆಯ ದಪ್ಪ ಕಾವಲಿ ಇದ್ದವರಿಗೆ ಎಲ್ಲಕ್ಕಿಂತ ಸುಲಭವಾದ ಬಗೆ. ಒಣದ್ರಾಕ್ಷಿ ಹಾಕಿದ ಬಿಳಿ ಬ್ರೆಡ್ಡಿಗೆ ಚುಕ್ಕೆ ನಾಯಿ ಎಂಬ ಅರ್ಥದ ಅಡ್ಡಹೆಸರುಂಟು. ಕ್ಷಾಮಕಾಲದಲ್ಲಿ ಬಂದ ಮೆಕ್ಕೆಜೋಳದ ಹಿಟ್ಟನ್ನು ಗೋಧಿಯೊಂದಿಗೆ ಬೆರೆಸಿದ ಹಳದಿ ಬ್ರೆಡ್ ಈಗ ಅಪರೂಪ. ಅಮೆರಿಕದ ಐರಿಷ್ ಸೋಡಾ ಬ್ರೆಡ್ಡಿನಲ್ಲಿ ಬೆಣ್ಣೆ, ಮೊಟ್ಟೆ, ಸಕ್ಕರೆ, ಒಣದ್ರಾಕ್ಷಿ, ಕ್ಯಾರವೇ ಬೀಜ ಎಲ್ಲ ಇರುತ್ತವೆ. ಅದನ್ನು ಬ್ರೆಡ್ ಎನ್ನುವುದಕ್ಕಿಂತ ಕೇಕ್ ಎನ್ನುವುದೇ ಲೇಸು. ಸ್ಕಾಟ್ಲೆಂಡಿನ ಸೋಡಾ ಸ್ಕೋನ್, ಆಸ್ಟ್ರೇಲಿಯಾದ ಡ್ಯಾಂಪರ್ ಇದೇ ಕುಲದವು.

ಯೀಸ್ಟಿಲ್ಲದ ಬ್ರೆಡ್ಡಿಗೆ ಲಂಡನ್ ತನ್ನದೇ ದಾರಿಯನ್ನೂ ಹುಡುಕಿತ್ತು. ಜಾನ್ ಡಾಗ್ಲಿಶ್ ಎಂಬ ವೈದ್ಯ ಇಂಗಾಲದ ಡೈಆಕ್ಸೈಡನ್ನು ಒತ್ತಡದಲ್ಲಿ ನೇರವಾಗಿ ಹಿಟ್ಟಿಗೆ ತುಂಬುವ ವಿಧಾನ ಕಂಡುಹಿಡಿದು 1862ರಲ್ಲಿ ಏರೇಟೆಡ್ ಬ್ರೆಡ್ ಕಂಪನಿ ಸ್ಥಾಪಿಸಿದ. ಕಂಪನಿಯ ಚಹಾ ಅಂಗಡಿಗಳು ಹೆಸರಾದವು. ಆ ಬ್ರೆಡ್ ಉಳಿಯಲಿಲ್ಲ.

ರುಚಿ ಸೇರ್ಪಡೆಗಳು

ಯೀಸ್ಟ್ ಜೀವಿ. ದಾಲ್ಚಿನ್ನಿ, ಹಸಿ ಬೆಳ್ಳುಳ್ಳಿ, ಹೆಚ್ಚು ಸಕ್ಕರೆ, ಹೆಚ್ಚು ಉಪ್ಪು ಅದನ್ನು ಕುಗ್ಗಿಸುತ್ತವೆ. ಸೋಡಾಕ್ಕೆ ಆ ಅಂಜಿಕೆಯಿಲ್ಲ. ಅದಕ್ಕೇ ಮನೆಯಲ್ಲಿ ಬಗೆಬಗೆಯ ರುಚಿ ಪ್ರಯೋಗಿಸಲು ಈ ಬ್ರೆಡ್ ಹೆಚ್ಚು ಒದಗುತ್ತದೆ. ಆದರೆ ಸೇರಿಸುವ ಪ್ರತಿ ಪದಾರ್ಥವನ್ನೂ ಮೂರು ಬಗೆಯಲ್ಲಿ ಅಳೆಯಬೇಕು: ಅದು ಎಷ್ಟು ತೇವ ತರುತ್ತದೆ, ಎಷ್ಟು ಹುಳಿ ತರುತ್ತದೆ, ಎಷ್ಟು ಭಾರ. ಮೂಲ ಅಳತೆಯ ಹಿಟ್ಟಿಗೆ ಹಣ್ಣು, ಬೀಜ, ಚೀಸ್‌ಗಳಲ್ಲಿ ಒಂದನ್ನು ನೂರು ಗ್ರಾಂ ಹಾಕಿದರೆ ಸಾಕು. ಮೀರಿದರೆ ನಡು ಬೇಯದೆ ಹಸಿಯಾಗಿ ಉಳಿಯುತ್ತದೆ.

ಸಾಂಪ್ರದಾಯಿಕ ಸೇರ್ಪಡೆಗಳಲ್ಲಿ ಕ್ಯಾರವೇ ಮುಖ್ಯ. ಜೀರಿಗೆಯ ಚಹರೆಯೇ ಆದರೂ ಇದಕ್ಕೆ ಸೋಂಪಿನ ಕಡೆಗೆ ವಾಲುವ ತಂಪು ಘಮವಿದೆ. ಕಾಕಂಬಿ ಬ್ರೆಡ್ ಉತ್ತರ ಐರ್ಲೆಂಡಿನದು. ಒಂದೆರಡು ದೊಡ್ಡ ಚಮಚ ಕಪ್ಪು ಕಾಕಂಬಿಯನ್ನು ಬೆಚ್ಚಗಿನ ಮಜ್ಜಿಗೆಯಲ್ಲಿ ಕರಗಿಸಿ ಸೇರಿಸುತ್ತಾರೆ. ಕಾಕಂಬಿಗೆ ತನ್ನದೇ ಹುಳಿಯಿರುವುದರಿಂದ ಸೋಡಾದ ಕೆಲಸ ಇನ್ನೂ ಚೆನ್ನಾಗುತ್ತದೆ, ಆದರೆ ಮೇಲ್ಪದರ ಬೇಗ ಕರಕಾಗುತ್ತದೆ. ಓವನ್ನಿನ ಶಾಖ ಇಳಿಸಬೇಕು. ಬ್ರಿಟನ್ನಿನ ಅಡುಗೆಮನೆಗಳಲ್ಲಿ ಕಾಣುವ ಲೈಲ್ ಕಂಪನಿಯ ಕಾಕಂಬಿ ಡಬ್ಬಿಯ ಮೂಲ ಕ್ಯಾನರಿ ವಾರ್ಫ್‌ನಿಂದ ನದಿಯ ಕೆಳಹರಿವಿನಲ್ಲಿರುವ ಪ್ಲೇಸ್ಟೋ ವಾರ್ಫ್. ಏಬ್ರಮ್ ಲೈಲ್ 1880ರ ದಶಕದಲ್ಲಿ ಅಲ್ಲಿ ಸಕ್ಕರೆ ಶುದ್ಧೀಕರಣ ಆರಂಭಿಸಿದ. ಕಾಕಂಬಿಯ ಜೊತೆಗೆ ಕಪ್ಪು ಸ್ಟೌಟ್ ಬಿಯರ್ ಸುರಿದ ಬ್ರೆಡ್ ಇಂದು ಹೋಟೆಲುಗಳಲ್ಲಿ ಜನಪ್ರಿಯ. ಕರಾವಳಿಯಲ್ಲಿ ಡಲ್ಸ್ ಎಂಬ ಒಣಗಿಸಿದ ಕೆಂಪು ಕಡಲಪಾಚಿಯನ್ನು ಪುಡಿ ಮಾಡಿ ಹಾಕುವುದುಂಟು. ಆಗ ಉಪ್ಪು ಕಡಿಮೆ ಬೇಕು. ಚೆಡಾರ್ ಚೀಸ್ ತುರಿದು ಹಾಕಿದರೂ ಅದೇ ಮಾತು. ಈರುಳ್ಳಿಯನ್ನು ಹಸಿಯಾಗಿ ಹಾಕಬಾರದು, ನೀರಿಳಿಯುತ್ತದೆ. ಹುರಿದು ಆರಿಸಿ ಹಾಕಬೇಕು.

ಕ್ಷಾರದಿಂದ ಬಣ್ಣ ಬದಲಾಗುವ ಪದಾರ್ಥಗಳು ಹೊಸಬರನ್ನು ಗಾಬರಿಗೊಳಿಸುತ್ತವೆ. ಸೂರ್ಯಕಾಂತಿ ಬೀಜದ ಸುತ್ತ ಹಸಿರು ಕಲೆ ಬರುತ್ತದೆ, ಬ್ಲೂಬೆರಿಯ ರಸ ಹಸಿರುನೀಲಿಯಾಗುತ್ತದೆ. ಎರಡೂ ನಿರಪಾಯ. ಅರಿಸಿನ ಹಾಕಿದ ಹಿಟ್ಟಿನಲ್ಲಿ ಕೆಂಪು ಚುಕ್ಕೆ ಕಂಡರೆ ಅಲ್ಲಿ ಸೋಡಾ ಸರಿಯಾಗಿ ಬೆರೆತಿಲ್ಲವೆಂದು ಅರ್ಥ. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮದ ಕೆಂಪು ತರಿಸುವುದೂ, ಮಂಗಳಾರತಿಯ ತಟ್ಟೆಯಲ್ಲಿ ಓಕುಳಿ ಕಲಸುವುದೂ ಇದೇ ಗುಣದಿಂದ.

ಕರ್ನಾಟಕದ ಅಡುಗೆಯೊಂದಿಗೆ

ಹುಳಿ ಮತ್ತು ಸೋಡಾದ ಜೋಡಿ ಕನ್ನಡಿಗರಿಗೆ ಹೊಸದಲ್ಲ. ಮಾಗಿದ ಬಾಳೆಹಣ್ಣು, ಮೊಸರು, ಮೈದಾ, ಜೀರಿಗೆಗೆ ಚಿಟಿಕೆ ಸೋಡಾ ಬೆರೆಸುವ ಮಂಗಳೂರು ಬನ್ಸ್ ರಸಾಯನದ ಲೆಕ್ಕದಲ್ಲಿ ಸೋಡಾ ಬ್ರೆಡ್ಡಿನ ದಾಯಾದಿ. ವ್ಯತ್ಯಾಸ ಎರಡು: ಬನ್ಸಿನ ಹಿಟ್ಟು ಗಂಟೆಗಟ್ಟಲೆ ನೆನೆಯುತ್ತದೆ, ಬೇಯುವುದು ಎಣ್ಣೆಯಲ್ಲಿ. ಗೋಳಿಬಜೆಯೂ ಮೊಸರು, ಸೋಡಾಗಳ ಮೇಲೇ ನಿಂತದ್ದು. ಅಯ್ಯಂಗಾರ್ ಬೇಕರಿಯ ಬ್ರೆಡ್ ಮಾತ್ರ ಯೀಸ್ಟಿನದು. ಆದರೂ ಅಲ್ಲಿನ ಖಾರಾ ಬನ್ನಿನ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು ಸೋಡಾ ಬ್ರೆಡ್ಡಿಗೂ ಸಲ್ಲುತ್ತವೆ. ಓಂಕಾಳು, ಹುರಿದ ಜೀರಿಗೆ, ಕುಟ್ಟಿದ ಕಾಳುಮೆಣಸು, ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು ಸಹ ಹೊಂದುತ್ತವೆ. ಮೆಂತ್ಯದ ಸೊಪ್ಪನ್ನು ಬಾಡಿಸಿ ಹಾಕಬೇಕು. ಬೆಲ್ಲ ಬಳಸಿದರೆ ಕಾಕಂಬಿಯ ಬ್ರೆಡ್ಡಿಗೆ ಹತ್ತಿರದ ಫಲ ಸಿಗುತ್ತದೆ. ರಾಗಿಯಲ್ಲಿ ಅಂಟಿಲ್ಲದ ಕಾರಣ ಗೋಧಿಯ ಕಾಲುಭಾಗಕ್ಕಿಂತ ಹೆಚ್ಚು ಬೆರೆಸಿದರೆ ಬ್ರೆಡ್ ಕುಸಿಯುತ್ತದೆ. ದಿಢೀರ್ ಇಡ್ಲಿ, ಢೋಕ್ಲಾಗಳಿಗೆ ಬಳಸುವ ಇನೊ ಪುಡಿಯನ್ನು ಸೋಡಾದ ಬದಲು ಹಾಕಬಾರದು. ಅದರಲ್ಲಿ ಸಿಟ್ರಿಕ್ ಆಮ್ಲವೂ ಇದೆ. ಒದ್ದೆಯಾದ ಕ್ಷಣದಲ್ಲೇ ಅನಿಲವೆಲ್ಲ ಹೊರಟುಹೋಗುತ್ತದೆ. ಈ ಪುಡಿಯ ಹಳೆಯ ಕಾರ್ಖಾನೆಯಿದ್ದದ್ದೂ ಲಂಡನ್ನಿನಲ್ಲೇ, ಥೇಮ್ಸ್‌ನ ದಕ್ಷಿಣಕ್ಕಿರುವ ನ್ಯೂ ಕ್ರಾಸ್‌ನಲ್ಲಿ.

ಉಪಯೋಗ ಮತ್ತು ಆಹಾರಗುಣ

ಮಾಡಿದ ದಿನವೇ ತಿನ್ನುವ ಬ್ರೆಡ್ ಇದು. ಮರುದಿನ ಸುಟ್ಟು ಬೆಣ್ಣೆ ಹಚ್ಚಿ ತಿನ್ನಬಹುದು, ಹೋಳು ಮಾಡಿ ಫ್ರೀಜರಿನಲ್ಲಿ ಇಡಲೂಬಹುದು. ಐರ್ಲೆಂಡಿನಲ್ಲಿ ಸೂಪು, ಬೇಯಿಸಿದ ಮೊಟ್ಟೆ, ಹೊಗೆಯಾಡಿಸಿದ ಸಾಮನ್ ಮೀನಿನ ಜೊತೆಗೆ ಬಡಿಸುತ್ತಾರೆ. ಉತ್ತರದ ಬೆಳಗಿನ ಉಪಾಹಾರದ ತಟ್ಟೆಯಲ್ಲಿ ಹುರಿದ ಫಾರ್ಲ್ ಇರಲೇಬೇಕು. ತೊವ್ವೆ, ಸಾರುಗಳ ಜೊತೆಗೆ ಕಂದು ಬಗೆ ಚೆನ್ನ.

ಸೋಡಾದ ತೂಕದಲ್ಲಿ ಶೇ. 27ರಷ್ಟು ಸೋಡಿಯಂ. ಉಪ್ಪಿನ ಸೋಡಿಯಂ ಅದರ ಮೇಲೆ ಸೇರುತ್ತದೆ. ಒಂದು ಬ್ರೆಡ್ಡಿಗೆ ಐದೈದು ಗ್ರಾಂ ಸೋಡಾ, ಉಪ್ಪು ಹಾಕಿ ಹತ್ತು ಹೋಳು ಮಾಡಿದರೆ ಹೋಳಿಗೆ ಸುಮಾರು 330 ಮಿಲಿಗ್ರಾಂ ಸೋಡಿಯಂ ಬೀಳುತ್ತದೆ. ರಕ್ತದೊತ್ತಡವಿರುವವರು ಉಪ್ಪನ್ನು ಕಡಿತಗೊಳಿಸಬಹುದು; ಸೋಡಾ ಕಡಿತಗೊಳಿಸಿದರೆ ಬ್ರೆಡ್ ಏಳುವುದಿಲ್ಲ. ಯೀಸ್ಟ್ ಇಲ್ಲವೆಂದ ಮಾತ್ರಕ್ಕೆ ಗೋಧಿಯ ಅಂಟು ಒಗ್ಗದವರು ಇದನ್ನು ತಿನ್ನುವಂತಿಲ್ಲ.

ಈಗಿನ ಸ್ಥಿತಿ

ವೆಸ್ಟ್ ಇಂಡಿಯಾ ಡಾಕ್ಸ್ 1980ರಲ್ಲಿ ಹಡಗುಗಳಿಗೆ ಮುಚ್ಚಿತು. 1982ರಲ್ಲಿ ಬಿಲ್ಲಿಂಗ್ಸ್‌ಗೇಟ್ ಮೀನು ಮಾರುಕಟ್ಟೆ ಅದರ ಉತ್ತರ ದಂಡೆಯ ಬಳಿಗೆ ಬಂತು. 1991ರಲ್ಲಿ 235 ಮೀಟರ್ ಎತ್ತರದ ಒನ್ ಕೆನಡಾ ಸ್ಕ್ವೇರ್ ಪೂರ್ಣಗೊಂಡ ಮೇಲೆ ಬ್ಯಾಂಕುಗಳೂ ಸಾಫ್ಟ್‌ವೇರ್ ಕಂಪನಿಗಳೂ ನೆಲೆಸಿದವು. ಬೆಂಗಳೂರಿನ ಇನ್ಫೋಸಿಸ್ ಸಹ ಇಲ್ಲಿ ಕಚೇರಿ ತೆರೆಯಿತು. ಡಾಕಿನ ಕೂಲಿಕಾರರ ಕೇರಿಗಳ ಪಕ್ಕದಲ್ಲಿ ಬಹುಮಹಡಿ ಫ್ಲ್ಯಾಟುಗಳು ಎದ್ದಿವೆ.

2020ರ ಮಾರ್ಚ್ 23ರಂದು ಲಾಕ್‌ಡೌನ್ ಘೋಷಣೆಯಾದಾಗ ಬ್ರಿಟನ್ನಿನ ಅಂಗಡಿಗಳಲ್ಲಿ ಯೀಸ್ಟ್ ಪೊಟ್ಟಣ ಸಿಗದೆ ಸೋಡಾ ಬ್ರೆಡ್ ಮತ್ತೆ ಮನೆಗಳಿಗೆ ಬಂತು. ಕಾರ್ಖಾನೆಯಲ್ಲಿ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಸೋಡಾ ಬ್ರೆಡ್ ಸೂಪರ್‌ಮಾರ್ಕೆಟ್ಟುಗಳಲ್ಲಿ, ಹೆಚ್ಚಾಗಿ ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನದ ಆಸುಪಾಸಿನಲ್ಲಿ ಕಾಣುತ್ತದೆ. ಬಾಳಿಕೆಗಾಗಿ ಮಾಡಿದ ಅದರಲ್ಲಿ ಮನೆಯ ಬ್ರೆಡ್ಡಿನ ಮೇಲ್ಪದರವನ್ನು ನಿರೀಕ್ಷಿಸುವಂತಿಲ್ಲ. ಉತ್ತರ ಐರ್ಲೆಂಡಿನಲ್ಲಿ ಸೋಡಾ ಬೆರೆಸಿದ ಹಿಟ್ಟೇ ಪೊಟ್ಟಣದಲ್ಲಿ ಸಿಗುತ್ತದೆ. ಇಂಗ್ಲೆಂಡಿನ ಸೋಡಾ ಉದ್ಯಮದ ಹಳೆಯ ಹೆಸರಾದ ಚೆಶೈರಿನ ಬ್ರನ್ನರ್ ಮಾಂಡ್ ಕಂಪನಿಯನ್ನು ಭಾರತದ ಟಾಟಾ ಕೆಮಿಕಲ್ಸ್ 2006ರಲ್ಲಿ ಕೊಂಡುಕೊಂಡಿತು. ಮಜ್ಜಿಗೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 284 ಅಥವಾ 300 ಮಿಲಿಲೀಟರಿನ ಡಬ್ಬಿಯಲ್ಲಿ. ಒಂದು ಬ್ರೆಡ್ಡಿಗೆ ಅದು ಸಾಲದು. ಉಳಿದ ಅಳತೆಯನ್ನು ಹಾಲಿನಿಂದ ತುಂಬಿಸುವುದು ವಾಡಿಕೆ.